ಏಪ್ರಿಲ್ ಬಿಸಿಲಲ್ಲೂ ಒಣಗದ ಬೆಡ್‌ರೂಮ್ ಗೋಡೆ, ಕೋಲಾರ. ಯಾರಾದ್ರೂ ದಾರಿ ತೋರ್ಸಿ

ಅಂತರಗಂಗೆ ತಪ್ಪಲು

ನಮಸ್ಕಾರ ಎಲ್ರಿಗೂ. ನಮ್ಮ ಮನೆ ಕೋಲಾರದಲ್ಲಿ, 2011ರಲ್ಲಿ ಕಟ್ಟಿದ್ದು, ಕೆಳಗೆ ನಾವು ಮೇಲೆ ಬಾಡಿಗೆಯವ್ರು. ಕೆಳಗಿನ ಬೆಡ್‌ರೂಮಿನ ಒಂದು ಗೋಡೆ ಮೂರು ವರ್ಷದಿಂದ ಜೀವ ಹಿಂಡ್ತಾ ಇದೆ. ನೆಲದಿಂದ ಹೆಚ್ಚುಕಮ್ಮಿ ಮೂರಡಿವರೆಗೂ ಪೇಂಟು ಹಪ್ಪಳದ ಥರ ಉಬ್ಬಿ ಚಕ್ಕೆ ಚಕ್ಕೆಯಾಗಿ ಏಳುತ್ತೆ, ಹಿಂದೆ ಹತ್ತಿ ಎಳೆ ಥರ ಬೆಳ್ಳಗೆ ಏನೋ ಬೆಳೆದಿರುತ್ತೆ, ಬೆರಳಲ್ಲಿ ಒತ್ತಿದ್ರೆ ಪ್ಲಾಸ್ಟರು ರಾಗಿ ಹಿಟ್ಟಿನ ಥರ ಪುಡಿಯಾಗಿ ಕೆಳಗೆ ಬೀಳುತ್ತೆ. ದಿನಾ ಬೆಳಿಗ್ಗೆ ಅದನ್ನ ಗುಡಿಸೋದೇ ಒಂದು ಕೆಲ್ಸ.

ಹೋದ ವರ್ಷ ಪೇಂಟರ್ ಒಬ್ರು ಕೆರೆದು ಪುಟ್ಟಿ ಹಾಕಿ ವಾಟರ್‌ಪ್ರೂಫ್ ಪೇಂಟು ಎರಡು ಕೋಟ್ ಹೊಡೆದ್ರು, ಹದಿನೆಂಟು ಸಾವಿರ ಆಯ್ತು, ಇನ್ನು ಹತ್ತು ವರ್ಷ ಈ ಕಡೆ ತಿರುಗಿ ನೋಡ್ಬೇಡಿ ಅಂದ್ರು. ಆರು ತಿಂಗ್ಳಿಗೆ ಮತ್ತೆ ಉಬ್ತು, ಮೂರಡಿ ಇದ್ದಿದ್ದು ಈಗ ನಾಲ್ಕಡಿ. ಮಳೆಗಾಲದಲ್ಲಿ ಒದ್ದೆ ಅಂದ್ರೆ ಅರ್ಥ ಆಗುತ್ತೆ, ಬೇಸಿಗೇಲೂ ಕೈ ಇಟ್ರೆ ತಣ್ಣಗೆ ಅಂಟುತ್ತೆ. ಆ ಗೋಡೆಗೇ ಮರದ ಬೀರು ಆನಿಸಿ ಇಟ್ಟಿದ್ವಿ, ಮೊನ್ನೆ ತೆಗೆದ್ರೆ ಮುಗ್ಗಲು ವಾಸನೆ, ಅಮ್ಮನ ಧಾರೆ ಸೀರೆ ಮಡಿಕೆ ಮೇಲೆಲ್ಲಾ ಕಪ್ಪು ಚುಕ್ಕಿ. ಅಮ್ಮ ಏನೂ ಮಾತಾಡ್ಲಿಲ್ಲ, ಸೀರೆ ತೊಡೆ ಮೇಲೆ ಇಟ್ಕೊಂಡು ಸುಮ್ನೆ ಕೂತಿದ್ರು. ಅದು ನೋಡಿದ ಮೇಲೆ ಇದನ್ನ ಇನ್ನು ಹೀಗೇ ಬಿಡಬಾರ್ದು ಅನ್ನಿಸ್ತು. ಅದೇ ರೂಮಲ್ಲಿ ಮಲಗೋ ಮಗನಿಗೆ ರಾತ್ರಿ ಕೆಮ್ಮು ಬೇರೆ.

ಇನ್ನೊಂದು, ಹಾಲ್ ಸೀಲಿಂಗಲ್ಲಿ, ಮೇಲಿನ ಬಾತ್‌ರೂಮ್ ಸರಿಯಾಗಿ ಕೆಳಗೆ, ಟೀ ಚೆಲ್ಲಿದ ಥರ ಕಂದು ರಿಂಗ್ ಬಂದಿದೆ. ಎರಡೂ ಒಂದೇ ರೋಗನಾ?

ಗಾರೆ ಕೆಲ್ಸ ಮಾಲೂರು

ಮೇಡಂ, ಎರಡೂ ಬೇರೆ. ಸೀಲಿಂಗು ಮೇಲಿಂದ ಸೋರ್ತಾ ಐತೆ, ಗೋಡೆ ಕೆಳಗಿಂದ ಕುಡೀತಾ ಐತೆ. ಮೊದ್ಲು ಒಂದು ಮಾತು, ದಯವಿಟ್ಟು ಇನ್ನೊಂದು ಡಬ್ಬ ಪೇಂಟು ತರ್ಬೇಡಿ. ಇಟ್ಟಿಗೆ ಒಳಗೆ ಕಣ್ಣಿಗೆ ಕಾಣದ ತೂತುಗಳು ಇರ್ತವೆ, ದೀಪದ ಬತ್ತಿ ಎಣ್ಣೆ ಎಳ್ಕೊಳ್ಳೋ ಹಾಗೆ ಅವು ಬುಡದ ನೀರನ್ನ ಮೇಲಕ್ಕೆ ಎಳೀತವೆ. ನೀರು ಗೋಡೆ ಮೈಯಿಂದ ಆರಿಹೋಗುತ್ತೆ, ಅದರಲ್ಲಿ ಕರಗಿದ್ದ ಉಪ್ಪು ಹೋಗಲ್ಲ, ಅಲ್ಲೇ ಹರಳು ಕಟ್ಟಿ ಊದ್ಕೊಂಡು ಪ್ಲಾಸ್ಟರನ್ನ ಒಳಗಿಂದ ಒಡೀತೈತೆ. ನೀವು ನೋಡ್ತಿರೋ ಹತ್ತಿ ಅದೇ. ನಿಮ್ಮ ಪೇಂಟರು ಆ ಬಾಯಿ ಮುಚ್ಚಿಬಿಟ್ರು, ಕೆಳಗೆ ಆರೋಕೆ ಜಾಗ ಸಿಗ್ದೆ ನೀರು ಇನ್ನೊಂದು ಅಡಿ ಮೇಲಕ್ಕೆ ಹತ್ತಿ ಅಲ್ಲಿಂದ ಆಚೆ ಬಂತು, ಅದಕ್ಕೇ ನಾಲ್ಕಡಿ ಆಗಿರೋದು.

ಈಗ ಎರಡು ಪರೀಕ್ಷೆ ಮಾಡಿ, ಖರ್ಚಿಲ್ಲ. ಪೇಂಟು ಉದುರಿರೋ ಕಡೆ ಒಂದಡಿ ಚದರ ಪ್ಲಾಸ್ಟಿಕ್ ಹಾಳೆ ನಾಲ್ಕೂ ಕಡೆ ಟೇಪು ಒತ್ತಿ ಅಂಟ್ಸಿ, ಎರಡು ದಿನ ಬಿಡಿ. ಹಾಳೆ ಹಿಂದೆ, ಗೋಡೆ ಕಡೆ ನೀರು ಹನಿ ಕಟ್ಟಿದ್ರೆ ತೇವ ಗೋಡೆ ಒಳಗಿಂದ ಬರ್ತಾ ಐತೆ, ರೂಮ್ ಕಡೆ ಮೈಮೇಲೆ ಬೆವ್ರಿದ್ರೆ ಅದು ಗಾಳಿ ಆಡದ ರೂಮಿನ ಹಬೆ. ಇನ್ನೊಂದು, ಒದ್ದೆ ಎಲ್ಲಿಗೆ ನಿಂತಿದ್ಯೋ ಅಲ್ಲಿ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಬರೀರಿ, ಒದ್ದೆ ಹತ್ತುತ್ತಾ ಇಳಿಯುತ್ತಾ ಗೊತ್ತಾಗುತ್ತೆ.

ಆಮೇಲೆ ಆ ಗೋಡೆ ಆಚೆ ಕಡೆ ಏನೈತೆ ಅಂತ ಹೋಗಿ ನೋಡಿ ಬರೀರಿ. ಸಂಪ್, ಗಿಡ, ಪೈಪು, ಪಕ್ಕದ ಮನೆ ಮೋರಿ, ಏನಿದ್ರೂ. ರೋಡು ಮೇಲೆ ರೋಡು ಹಾಕಿ ಹಾಕಿ ಆಚೆ ನೆಲ ಮನೆ ಪ್ಲಿಂತ್‌ಗಿಂತ, ಅಂದ್ರೆ ಪಾಯದ ಕಟ್ಟೆಗಿಂತ, ಮೇಲೆ ಬಂದಿರೋ ಮನೆಗಳು ನಮ್ಮ ಕಡೆ ಬೇಕಾದಷ್ಟು ಐತೆ, ಹಂಗಾದ್ರೆ ಡಿಪಿಸಿ, ಅಂದ್ರೆ ಬುಡದ ತೇವ ಗೋಡೆಗೆ ಹತ್ತದ ಹಾಗೆ ಪಾಯದ ಮೇಲೆ ಹಾಕೋ ಪದರ, ಹಾಕಿದ್ರೂ ಅದು ಮಣ್ಣೊಳಗೆ ಹೂತುಹೋಗಿರುತ್ತೆ, ನೀರು ಅದರ ಮೇಲಿಂದಾನೇ ಗೋಡೆಗೆ ನುಗ್ಗುತ್ತೆ.

ಚಿಂತಾಮಣಿ ಮೇಷ್ಟ್ರು

ಸೀಲಿಂಗ್ ಬಗ್ಗೆ ನಾನು ಹೇಳ್ತೀನಿ, ನಮ್ಮನೇಲಿ ಇದೇ ಆಗಿ ಎರಡು ಸಲ ಟೈಲ್ಸ್ ಸುಮ್ಸುಮ್ನೆ ಕಿತ್ಸಿದ್ವಿ. ಮೊದ್ಲು ಪೈಪಾ ನೆಲಾನಾ ಅಂತ ಗೊತ್ತಾಗ್ಬೇಕು. ಮೇಲಿನವರಿಗೆ ಹೇಳಿ ಬಾತ್‌ರೂಮ್ ಎರಡು ದಿನ ಬಳಸ್ದೆ ಇರ್ಸಿ, ನಲ್ಲಿಗಳೆಲ್ಲ ಬಂದ್, ಆದ್ರೆ ಮೇನ್ ಲೈನ್ ಓಪನ್. ಆಗ್ಲೂ ರಿಂಗ್ ಒದ್ದೆ ಒದ್ದೆ ಇದ್ರೆ ಸಪ್ಲೈ ಪೈಪು. ಒಣಗಿದ್ರೆ, ನೆಲದ ಟ್ರ್ಯಾಪಿಗೆ, ಅಂದ್ರೆ ನೀರು ಹೋಗೋ ತೂತಿಗೆ, ಬಟ್ಟೆ ತುರುಕಿ ಒಂದಿಂಚು ನೀರು ನಿಲ್ಸಿ ಅದಕ್ಕೆ ಬಟ್ಟೆಗೆ ಹಾಕೋ ನೀಲಿ ಕಲ್ಸಿ ಒಂದು ದಿನ ಬಿಡಿ. ಕೆಳಗೆ ಒದ್ದೆ ಕಂಡ್ರೆ ನೆಲ ಸೋರ್ತಿದೆ, ನೀಲಿನೂ ಬಂದ್ರೆ ಅನುಮಾನಾನೇ ಇಲ್ಲ. ಏನೂ ಬರ್ಲಿಲ್ಲ, ಬಟ್ಟೆ ತೆಗೆದು ನೀರು ಬಿಟ್ಟ ಮೇಲೇ ಸೋರ್ತು ಅಂದ್ರೆ ಟ್ರ್ಯಾಪ್ ಅಥವಾ ಡ್ರೈನ್ ಪೈಪಿನ ಜಾಯಿಂಟು. ನಮ್ಮದು ಟ್ರ್ಯಾಪ್ ಸುತ್ತ ಬಿರುಕು ಅಷ್ಟೇ ಆಗಿತ್ತು, ಅಂಗೈಯಗಲ ಜಾಗ ಬಿಚ್ಚಿ ಸರಿ ಮಾಡಿದ್ರು.

ಒಂದು ವಿಷ್ಯ ಮಾತ್ರ ನಿಧಾನ ಮಾಡ್ಬೇಡಿ. ಆ ರಿಂಗ್ ಸುತ್ತ ಕೋಲಲ್ಲಿ ಮೆಲ್ಲಗೆ ತಟ್ಟಿ ನೋಡಿ, ಡಬ್ ಡಬ್ ಅಂತ ಟೊಳ್ಳು ಸದ್ದು ಬಂದ್ರೆ ಅದರ ಕೆಳಗೆ ಯಾರನ್ನೂ ಕೂರ್ಸ್ಬೇಡಿ. ಕಂಬಿ ತುಕ್ಕು ಹಿಡಿದ್ರೆ ದಪ್ಪ ಆಗುತ್ತೆ, ಕಾಂಕ್ರೀಟನ್ನ ಕೆಳಕ್ಕೆ ತಳ್ಳುತ್ತೆ. 2021ರ ನವೆಂಬರ್ ಮಳೆ ನೆನಪಿರ್ಬೇಕು, ಚಿಕ್ಕಬಳ್ಳಾಪುರ ಕೋಲಾರದ ಕಡೆ ಎಷ್ಟೋ ಕೆರೆ ಕೋಡಿ ಬಿತ್ತಲ್ಲ, ಆವಾಗ ನಮ್ಮ ಅಡುಗೆಮನೇಲಿ ಒಂದು ತಟ್ಟೆಯಗಲ ಹೆಂಟೆ ಬೆಳಗಿನ ಜಾವ ಬಿತ್ತು, ಅರ್ಧ ಗಂಟೆ ತಡವಾಗಿದ್ರೆ ನಮ್ಮಾಕೆ ಅಲ್ಲೇ ನಿಂತಿರ್ತಿದ್ಲು. ಮತ್ತೆ ಒದ್ದೆ ಗೋಡೇಲಿ, ಆ ರಿಂಗ್ ಹತ್ರ ಸ್ವಿಚ್ಚು ಫ್ಯಾನು ಲೈಟು ಏನಾದ್ರೂ ಇದ್ರೆ ಎಲೆಕ್ಟ್ರಿಷಿಯನ್ನಿಗೆ ತೋರಿಸೋವರೆಗೂ ಆ ಲೈನಿನ ಎಂಸಿಬಿ ಇಳಿಸಿಡಿ.

ಅಂತರಗಂಗೆ ತಪ್ಪಲು

ತುಂಬಾ ಥ್ಯಾಂಕ್ಸ್ ಇಬ್ರಿಗೂ. ಪ್ಲಾಸ್ಟಿಕ್ ಅಂಟ್ಸಿದ್ದೆ, ಮಾರನೇ ದಿನಾನೇ ಹಿಂದುಗಡೆ ಹನಿ ಸಾಲು, ರೂಮ್ ಕಡೆ ಒಣ. ಆಚೆ ಹೋಗಿ ನೋಡ್ದೆ. ಗೋಡೆ ಬುಡಕ್ಕೇ ಅತ್ತೆ ಕನಕಾಂಬರ ಗುಲಾಬಿ ಹಾಕಿರೋ ಮಡಿ ಇದೆ, ವರ್ಷಾ ವರ್ಷಾ ಗೊಬ್ಬರ ಮಣ್ಣು ಸುರಿದು ಸುರಿದು ಒಳಗಿನ ನೆಲಕ್ಕಿಂತ ಒಂದು ಗೇಣು ಮೇಲೆ ಬಂದಿದೆ. ಅದಕ್ಕಿಂತ ಬೇಜಾರಾಗಿದ್ದು ಏನಂದ್ರೆ ಮೇಲಿನ ಟ್ಯಾಂಕಿನ ಓವರ್‌ಫ್ಲೋ ಪೈಪು ಆ ಮಡಿಗೇ ಇಳಿದಿದೆ. ಮೋಟರ್ ಆಫ್ ಮಾಡೋದು ಯಾರಿಗಾದ್ರೂ ನೆನಪಾಗೋವರೆಗೂ ಅಲ್ಲೇ ಸುರಿಯುತ್ತೆ, ಅಂದ್ರೆ ಹೆಚ್ಚುಕಮ್ಮಿ ದಿನಾ. ಗಿಡಕ್ಕೆ ನೀರಾಯ್ತು ಬಿಡು ಅಂತ ಎಲ್ರೂ ಸುಮ್ನಿದ್ವಿ. ಕೋಲಾರದಲ್ಲಿ ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸೋ ನೀರು, ಅದನ್ನ ನಾವೇ ಗೋಡೆಗೆ ಕುಡಿಸ್ತಾ ಇದ್ವಿ ಅಂತ ಗೊತ್ತಾಗಿ ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ.

ಈಗ ಮುಂದೆ ಏನು? ಪ್ಲಾಸ್ಟರ್ ಯಾವಾಗ ಮಾಡಿಸ್ಲಿ, ಆಷಾಢ ಬರೋದ್ರೊಳಗೆ ಮುಗಿಯುತ್ತಾ?

ಗಾರೆ ಕೆಲ್ಸ ಮಾಲೂರು

ಸಿಕ್ತಲ್ಲ ಮೇಡಂ, ಅರ್ಧ ಕೆಲ್ಸ ಆದಂಗೆ. ಓವರ್‌ಫ್ಲೋ ಪೈಪನ್ನ ಸಂಪಿಗೆ ತಿರುಗ್ಸಿ, ಟ್ಯಾಂಕಿಗೆ ಆಟೋಮ್ಯಾಟಿಕ್ ಸ್ವಿಚ್ಚು ಹಾಕ್ಸಿ. ಮಡಿ ಪೂರ್ತಿ ತೆಗೀಬೇಕು, ಅತ್ತೆಯವರ ಗಿಡ ಕುಂಡಕ್ಕೆ ಹಾಕೊಡಿ. ಮಣ್ಣು ಒಳಗಿನ ನೆಲಕ್ಕಿಂತ ಅರ್ಧ ಅಡಿನಾದ್ರೂ ಕೆಳಗಿಳೀಲಿ, ಗೋಡೆಯಿಂದ ಆಚೆಗೆ ನೀರು ಹರಿಯೋ ಹಾಗೆ ಇಳಿಜಾರು ಕೊಡಿ. ಆಮೇಲೆ ಒಳಗೆ ಒದ್ದೆ ಗೆರೆಗಿಂತ ಒಂದಡಿ ಮೇಲಿನವರೆಗೂ ಪ್ಲಾಸ್ಟರ್ ಪೂರ್ತಿ ಕಿತ್ತು ಇಟ್ಟಿಗೆ ಕಾಣಿಸ್ಬೇಕು, ಉಪ್ಪನ್ನ ಒಣ ಬ್ರಷಲ್ಲೇ ಉಜ್ಜಿ ಮೊರದಲ್ಲಿ ಎತ್ತಿ ಆಚೆ ಹಾಕಿ, ನೀರು ಹಾಕಿ ತೊಳೆದ್ರೆ ಕರಗಿ ವಾಪಸ್ ಒಳಗೇ ಹೋಗುತ್ತೆ.

ಆಮೇಲೆ ಕಾಯ್ಬೇಕು. ಇದೇ ಯಾರೂ ಕೇಳದ ಮಾತು. ಒದ್ದೆ ಗೋಡೆ ತಿಂಗ್ಳಿಗೆ ಒಂದಿಂಚು ಒಣಗುತ್ತೆ ಅನ್ನೋದು ನಮ್ಮ ಲೆಕ್ಕ, ನಿಮ್ಮದು ಒಂಬತ್ತಿಂಚು ಗೋಡೆ, ಎರಡೂ ಕಡೆಯಿಂದ ಗಾಳಿ ಆಡಿದ್ರೂ ನಾಲ್ಕೈದು ತಿಂಗ್ಳು. ಆಷಾಢಕ್ಕೆ ಆಗಲ್ಲ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್ ಅಕ್ಟೋಬರಲ್ಲೇ, ಆದ್ರಿಂದ ಈಗ ಕಿತ್ತು ಬಿಟ್ಟು ಆ ಮಳೆ ಕಳೆದು ಸಂಕ್ರಾಂತಿ ಆದ್ಮೇಲೆ ಪ್ಲಾಸ್ಟರ್ ಮಾಡ್ಸಿ. ಅಲ್ಲಿವರೆಗೂ ಗೋಡೆ ನೋಡೋಕೆ ಚೆನ್ನಾಗಿರಲ್ಲ, ನೆಂಟ್ರು ಕೇಳಿದ್ರೆ ಕೇಳ್ಲಿ. ಮಳೆ ಕಳೆದ್ರೂ ಒದ್ದೆ ಗೆರೆ ಇಳೀದೆ ಅಲ್ಲೇ ಇದ್ರೆ ಕೆಳಗೆ ಡಿಪಿಸಿ ಇಲ್ದೇ ಇರ್ಬಹುದು ಇಲ್ಲಾ ಹಾಳಾಗಿರ್ಬಹುದು, ಆವಾಗ ಬುಡದಲ್ಲಿ ಸಾಲಾಗಿ ಡ್ರಿಲ್ ಮಾಡಿ ಕೆಮಿಕಲ್ ಇಂಜೆಕ್ಷನ್ ಕೊಡೋದು ಐತೆ, ಮೊದ್ಲೇ ಅದಕ್ಕೆ ಹೋಗ್ಬೇಡಿ.

ಪ್ಲಾಸ್ಟರಿಗೆ ಮರಳು ನೀವೇ ನಿಂತು ನೋಡ್ಕೊಳ್ಳಿ. ನಮ್ಮ ಜಿಲ್ಲೇಲಿ ಮಣ್ಣು ತೊಳೆದು ಮಾಡೋ ಫಿಲ್ಟರ್ ಮರಳಿನ ಕಥೆ ಎಲ್ರಿಗೂ ಗೊತ್ತಿರೋದೇ, ಅದರಲ್ಲಿ ಜೇಡಿ ಉಳಿದಿರುತ್ತೆ, ಪ್ಲಾಸ್ಟರ್ ಬಿರುಕು ಬಿಡುತ್ತೆ. ಗಾಜಿನ ಬಾಟ್ಲಿಗೆ ಅರ್ಧ ಮರಳು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ ಮೂರು ಗಂಟೆ ಬಿಡಿ. ಮರಳಿನ ಮೇಲೆ ಕೆಸರಿನ ಪದರ ದಪ್ಪಗೆ ಕೂತ್ರೆ ಆ ಲೋಡು ವಾಪಸ್ ಕಳ್ಸಿ.

ಮುಳಬಾಗಿಲು ಹಳೇಮನೆ

ಮಧ್ಯೆ ಬಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನಮ್ಮದು ತಾತನ ಕಾಲದ ಕಲ್ಲು ಚಪ್ಪಡಿ ಮನೆ, ಚಪ್ಪಡಿ ಸಂದಿಗೆ ಪ್ರತಿ ವರ್ಷ ಸಿಮೆಂಟು ಮೆತ್ತುತ್ತಿದ್ವಿ, ಪ್ರತಿ ವರ್ಷ ಸೋರ್ತಿತ್ತು. ಕಲ್ಲು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತೆ, ಸಿಮೆಂಟು ಬಗ್ಗಲ್ಲ, ಕೂದಲೆಳೆ ಬಿರುಕು ಬಿಡುತ್ತೆ. ಹಿರಿಯ ಮೇಸ್ತ್ರಿ ಒಬ್ರು ಸಿಮೆಂಟೆಲ್ಲ ಕೆತ್ತಿ ಸುಣ್ಣದ ಗಾರೆಗೆ ಬೆಲ್ಲ ಅಳಲೆಕಾಯಿ ನೆನೆಹಾಕಿದ ನೀರು ಕಲ್ಸಿ ತುಂಬಿದ್ರು, ನಾಲ್ಕು ಮಳೆಗಾಲ ಆಯ್ತು, ಒಂದು ಹನಿ ಇಲ್ಲ.

ಸೀರೆಗೆ ದಯವಿಟ್ಟು ಬ್ಲೀಚು ಮುಟ್ಟಿಸ್ಬೇಡಿ, ರೇಷ್ಮೆ ಕರಗಿಹೋಗುತ್ತೆ. ಆಚೆ ನೆರಳಲ್ಲಿ ಹರವಿ, ಪೂರ್ತಿ ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಕೊಂಡು ಮೆತ್ತನೆ ಬ್ರಷಲ್ಲಿ ಬೂಷ್ಟು ಕೊಡವಿ, ಆಮೇಲೆ ಡ್ರೈಕ್ಲೀನ್‌ಗೆ ಕೊಡಿ, ಮಡಿಕೆ ಬದಲಾಯಿಸಿ ಬಿಳಿ ಕಾಟನ್ ಪಂಚೇಲಿ ಸುತ್ತಿಡಿ. ನಮ್ಮಜ್ಜಿ ಸೀರೆ ಹಾಗೇ ಉಳಿದಿದ್ದು. ಮಗು ಆ ರೂಮಲ್ಲಿ ಮಲಗೋದು ಬೇಡ, ಪ್ಲಾಸ್ಟರ್ ಕೀಳೋ ದಿನವಂತೂ ಮನೇಲೇ ಬೇಡ.

ಅಂತರಗಂಗೆ ತಪ್ಪಲು

ಇವತ್ತು ಪ್ಲಂಬರ್ ಬಂದು ಓವರ್‌ಫ್ಲೋ ಪೈಪನ್ನ ಸಂಪಿಗೆ ತಿರುಗ್ಸಿದ್ರು, ಒಂದು ಬೆಂಡು, ಎಂಟಡಿ ಪೈಪು, ಅಷ್ಟೇ. ಮಗ ನಮ್ಮ ಜೊತೆ ಹಾಲಲ್ಲಿ ಮಲಗ್ತಾನೆ, ಸೀಲಿಂಗ್ ತಟ್ಟಿ ನೋಡ್ದೆ, ಗಟ್ಟಿ ಇದೆ, ಆದ್ರೂ ಆ ರಿಂಗಿನಿಂದ ದೂರ ಹಾಸಿದ್ದೀವಿ. ಅತ್ತೆಗೆ ಮೊದ್ಲು ಬೇಜಾರಾಯ್ತು, ಆಮೇಲೆ ಅವರೇ ಗುದ್ದಲಿ ತಗೊಂಡು ಗುಲಾಬಿ ಬೇರು ಸಮೇತ ಎತ್ತಿ ಕುಂಡಕ್ಕೆ ಹಾಕಿದ್ರು. ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿದ್ದೀನಿ. ಭಾನುವಾರ ಮೇಲಿನ ಬಾತ್‌ರೂಮಿಗೆ ನೀಲಿ ಹಾಕ್ತೀವಿ.