ಕೊಲೆ ಕೇಸಿನಲ್ಲಿ ಜಾಮೀನು: ಪುಣೆ ಕೋರ್ಟ್ ಏನೇನು ನೋಡುತ್ತದೆ?

ಭೋಸರಿ ಕನ್ನಡಿಗ:
ಭೋಸರಿ, ಚಾಕಣ ಕಡೆ ದುಡಿಯುವ ವಿಜಯಪುರ, ಕಲಬುರಗಿಯ ಹುಡುಗರು ಗುಂಪು ಜಗಳದ ಕೊಲೆ ಕೇಸಿನಲ್ಲಿ ಸಿಕ್ಕರೆ ಮನೆಯವರಿಗೆ ದಿಕ್ಕೇ ತೋಚುವುದಿಲ್ಲ. ಒಂದೇ ಎಫ್‌ಐಆರ್‌ನ ಆರು ಜನರಲ್ಲಿ ಒಬ್ಬನಿಗೆ ಜಾಮೀನು ಸಿಗುತ್ತದೆ, ಇನ್ನೊಬ್ಬನಿಗೆ ಇಲ್ಲ. ಯಾವುದರ ಮೇಲೆ ತೀರ್ಮಾನ? ಊರಿನ ಹೊಲದ ಪಹಣಿ ತೋರಿಸಿ ಇಲ್ಲಿ ಜಾಮೀನು ನಿಲ್ಲಬಹುದೇ?

ಶಿವಾಜಿನಗರ ವಕೀಲ:
ಕೊಲೆಗೆ ಮರಣದಂಡನೆ ಇಲ್ಲವೇ ಜೀವಾವಧಿ. ಹೆಂಗಸರು, ಮಕ್ಕಳು, ಕಾಯಿಲೆಯವರನ್ನು ಬಿಟ್ಟರೆ ಇಂಥ ಕೇಸಿನಲ್ಲಿ ಮ್ಯಾಜಿಸ್ಟ್ರೇಟರ ಕೈ ಕಟ್ಟಿರುತ್ತದೆ. ಅಲ್ಲಿ ದಿನ ಕಳೆಯದೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 483ರಡಿ ಸೆಷನ್ಸ್ ಕೋರ್ಟಿಗೆ ಹೋಗಿ.

ಅಲ್ಲಿ ತೂಗುವುದು ಒಬ್ಬೊಬ್ಬನ ಪಾತ್ರವನ್ನು. 'ಎಲ್ಲರೂ ಸೇರಿ ಹೊಡೆದರು' ಎಂದಷ್ಟೇ ಸಾಕ್ಷಿ ಹೇಳಿದ್ದಾನೋ, 'ಇವನೇ ಕೊಯ್ತಾದಿಂದ (ಮಚ್ಚಿನಂಥ ಕುಡುಗೋಲು) ತಲೆಗೆ ಹಾಕಿದ' ಎಂದಿದ್ದಾನೋ? ಆ ಹೇಳಿಕೆಯನ್ನು ಮರಣೋತ್ತರ ವರದಿಯ ಪಕ್ಕದಲ್ಲಿಟ್ಟು ಓದಿ. ಮೂವರು ಕೊಯ್ತಾ ಬೀಸಿದರು ಎಂದು ಬರೆದು, ಮೈಮೇಲೆ ಒಂದೇ ಕೊಯ್ದ ಗಾಯವಿದ್ದರೆ ವಾದಕ್ಕೆ ಜೀವ ಬರುತ್ತದೆ. ಸಾಕ್ಷಿಗೆ ಮುಖಪರಿಚಯ ಇಲ್ಲದಿದ್ದರೆ ಗುರುತಿನ ಪರೇಡ್ ಆಯಿತೇ, ಆಯುಧ ಯಾರ ಹೇಳಿಕೆಯಿಂದ ಸಿಕ್ಕಿತು ಎಂಬುದನ್ನೂ ನೋಡಿ. ಭಾರತೀಯ ನ್ಯಾಯ ಸಂಹಿತೆಯ ಸಮಾನ ಉದ್ದೇಶದ ಕಲಂ 3(5) ಹಚ್ಚಿದ್ದರೆ ಸರ್ಕಾರಿ ವಕೀಲರು 'ಹೊಡೆದವನಷ್ಟೇ ನಿಂತವನೂ ಹೊಣೆ' ಎನ್ನುತ್ತಾರೆ. ಸಹ ಆರೋಪಿಗೆ ಸಿಕ್ಕಿತು, ನನಗೂ ಕೊಡಿ ಎಂಬುದು ಇಬ್ಬರ ಪಾತ್ರ ಒಂದೇ ಆಗಿದ್ದರೆ ಮಾತ್ರ ನಡೆಯುತ್ತದೆ.

ನಮ್ಮವರಿಗೆ ಹೆಚ್ಚು ಪೆಟ್ಟು ಬೀಳುವುದು 'ಪರರಾಜ್ಯದವನು, ಓಡಿಹೋಗುತ್ತಾನೆ' ಎಂಬ ಮಾತಿನಿಂದ. ಬಾಡಿಗೆ ಕರಾರು, ಪಿಎಫ್ ದಾಖಲೆ, ಮಕ್ಕಳ ಶಾಲೆಯ ಪತ್ರ ಅರ್ಜಿಯ ಜೊತೆಗೇ ಇರಲಿ. ಹಿಂದೆ ತಿರಸ್ಕೃತವಾದ ಅರ್ಜಿಯನ್ನು ಮಾತ್ರ ಮುಚ್ಚಿಡಬೇಡಿ.

ಯರವಡಾ ರಸ್ತೆ:
ದಿನ ಎಣಿಸುವುದನ್ನು ಮರೆಯಬೇಡಿ. ಕೊಲೆ ಕೇಸಿನಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕು, ಮ್ಯಾಜಿಸ್ಟ್ರೇಟರೇ ಕೊಡಬೇಕು. ಎಣಿಕೆ ಬಂಧನದ ದಿನದಿಂದಲ್ಲ, ಮೊದಲ ರಿಮಾಂಡಿನಿಂದ (ಕೋರ್ಟ್ ಕಸ್ಟಡಿಗೆ ಒಪ್ಪಿಸಿದ ದಿನದಿಂದ). ಆ ದಿನವೂ ಲೆಕ್ಕಕ್ಕೆ ಸೇರುತ್ತದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜನವರಿ 1ಕ್ಕೆ ರಿಮಾಂಡ್ ಆದರೆ ಮಾರ್ಚ್ 31ಕ್ಕೆ 90 ಮುಗಿಯಿತು (ಫೆಬ್ರವರಿ 29 ಇದ್ದರೆ ಒಂದು ದಿನ ಮೊದಲು). ಏಪ್ರಿಲ್ 1ರ ಬೆಳಿಗ್ಗೆ ಕೋರ್ಟ್ ತೆರೆಯುತ್ತಲೇ ಅರ್ಜಿ ಒಳಗೆ ಹೋಗಲಿ. ಮಧ್ಯಾಹ್ನ ಚಾರ್ಜ್‌ಶೀಟ್ ಬಂದರೂ ಹಕ್ಕು ಉಳಿಯುತ್ತದೆ. ಚಾರ್ಜ್‌ಶೀಟೇ ಮೊದಲು ಬಂದರೆ ಹೋಯಿತು. ಆದೇಶವಾದ ಮೇಲೆ ಹೇಳಿದ ಗಡುವಿನೊಳಗೆ ಜಾಮೀನುದಾರರನ್ನು ನಿಲ್ಲಿಸದಿದ್ದರೂ ಕೈತಪ್ಪಬಹುದು.

ಭೋಸರಿ ಕನ್ನಡಿಗ:
ಮೋಕ್ಕಾ (ಮಹಾರಾಷ್ಟ್ರದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ) ಹಚ್ಚಿದರೆ?

ಶಿವಾಜಿನಗರ ವಕೀಲ:
ಕಷ್ಟ ಬಹಳ. ಆ 90 ದಿನದ ಅವಧಿಯನ್ನು 180 ದಿನಕ್ಕೆ ವಿಸ್ತರಿಸಬಹುದು. ಸರ್ಕಾರಿ ವಕೀಲರು ವಿರೋಧಿಸಿದರೆ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಬಂದು ಮತ್ತೆ ಅಪರಾಧ ಮಾಡುವುದಿಲ್ಲ ಎಂಬ ಎರಡೂ ಅಂಶ ಕೋರ್ಟಿಗೆ ಮನವರಿಕೆಯಾಗಬೇಕು (ಆ ಕಾಯ್ದೆಯ ಕಲಂ 21(4)). ಮೊದಲು ನೋಡಬೇಕಾದದ್ದು: ಹಿಂದಿನ ಹತ್ತು ವರ್ಷಗಳಲ್ಲಿ ಆ ಟೋಳಿಯ (ಗ್ಯಾಂಗಿನ) ಮೇಲೆ ಒಂದಕ್ಕಿಂತ ಹೆಚ್ಚು ಚಾರ್ಜ್‌ಶೀಟ್ ಇವೆಯೇ, ಡಿಐಜಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಇದೆಯೇ.

ಹಡಪಸರ್ ಅಕ್ಕ:
ಅಣ್ಣಾರೆ, ಬಂಧನದ ಕಾರಣಗಳ ಕಾಗದ ಯಾವ ಭಾಷೆಯಲ್ಲಿದೆ ನೋಡಿದಿರಾ? ಬಂಧಿತನಿಗೆ ತಿಳಿಯುವ ಭಾಷೆಯಲ್ಲೇ ಬರೆದು ಕೊಡಬೇಕು, ತಕ್ಷಣ ಆಗದಿದ್ದರೆ ರಿಮಾಂಡಿಗೆ ಕನಿಷ್ಠ 2 ಗಂಟೆ ಮೊದಲಾದರೂ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 6ರಂದು ಹೇಳಿತು, ಅದೂ ಮುಂಬಯಿಯ ವರ್ಲಿ ಕಾರು ಅಪಘಾತದ ಕೇಸಿನಲ್ಲೇ. ಕನ್ನಡ ಮಾತ್ರ ಬಲ್ಲವನಿಗೆ ಬರೀ ಮರಾಠಿ ಕಾಗದ ಕೊಟ್ಟಿದ್ದರೆ ಇದನ್ನು ಎತ್ತಲೇಬೇಕು. ಆದರೆ ಪೊಲೀಸರು ಸರಿಯಾಗಿ ಬರೆದುಕೊಟ್ಟು ಮತ್ತೆ ಕಸ್ಟಡಿ ಕೇಳಬಹುದು.

ಪಹಣಿ ನಡೆಯುತ್ತದೆ. ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಜಾಮೀನುದಾರನನ್ನು ತಳ್ಳಿದ್ದು ತಪ್ಪೆಂದು ಸುಪ್ರೀಂ ಕೋರ್ಟಿನ 1978ರ ಮೋತಿರಾಮ್ ತೀರ್ಪು ಹೇಳಿದೆ. ಆದರೂ ಪರಿಶೀಲನೆ ವಿಜಯಪುರದವರೆಗೆ ಹೋಗಿ ಬರುವಷ್ಟರಲ್ಲಿ ಹುಡುಗ ಒಳಗೇ ಇರುತ್ತಾನೆ. ಅಷ್ಟರವರೆಗೆ ನಗದು ಕಟ್ಟಲು ಬಿಡಿ ಎಂದು ಆದೇಶದ ದಿನವೇ ಕೇಳಿಕೊಳ್ಳಿ. ಜೈಲಿನಲ್ಲಿರುವವನಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರಾಯಿತು. ಆದೇಶವಾಗಿ 7 ದಿನ ಕಳೆದರೂ ಬಿಡುಗಡೆ ಆಗದಿದ್ದರೆ ಜೈಲಿನವರೇ ಪ್ರಾಧಿಕಾರಕ್ಕೆ ತಿಳಿಸಬೇಕು; ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸಬಹುದು.