ಪದಚರ್ಚೆ: ಹಡಗಿನ ‘ರಿಜಿಸ್ಟ್ರಿ’ಗೆ ಕನ್ನಡದಲ್ಲಿ ಏನೆನ್ನೋಣ? ‘ಟನ್’ ಅನ್ನು ಏನು ಮಾಡೋಣ?

ಬಳಗದವರಿಗೆಲ್ಲ ನಮಸ್ಕಾರ.

ಬ್ರಿಟಿಷರ ಕಾಲದ ವ್ಯಾಪಾರಿ ಹಡಗುಗಳ ಕಾಯಿದೆಗಳ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಮುಂಬಯಿ ಪ್ರಾಂತ್ಯದ ಕರಾವಳಿ ಹಡಗುಗಳಿಗೆಂದೇ ಇದ್ದ 1838ರ ಕಾಯಿದೆ, ಇಡೀ ಬ್ರಿಟಿಷ್ ಇಂಡಿಯಾಕ್ಕೆ ಬಂದ 1841ರ ಹಡಗು ನೋಂದಣಿ ಕಾಯಿದೆ, ಲಂಡನ್ನಿನ ಪಾರ್ಲಿಮೆಂಟು ಮಾಡಿದ 1854 ಮತ್ತು 1894ರ ಮರ್ಚಂಟ್ ಶಿಪ್ಪಿಂಗ್ ಕಾಯಿದೆಗಳು, ಇವೆಲ್ಲ ಅದರಲ್ಲಿ ಬರುತ್ತವೆ. ಕಾಯಿದೆ ಅರ್ಥವಾಗುತ್ತದೆ. ಆದರೆ ಕನ್ನಡದಲ್ಲಿ ಬರೆಯಲು ಕೂತರೆ ಪದಗಳು ಸಾಲುವುದಿಲ್ಲ. ನಮ್ಮ ಕರಾವಳಿಯ ಮಂಜಿ, ಮಚವೆ, ಪತ್ತೇಮಾರಿ ಎಂಬ ಹಾಯಿಹಡಗುಗಳೂ ಇಂಥ ಕಾಯಿದೆಗಳ ಕಾಲದಲ್ಲೇ ಓಡಾಡಿದವು. ಹಾಗಾಗಿ ಇದಕ್ಕೆ ನಮ್ಮಲ್ಲೇ ಮಾತು ಇದ್ದಿರಬೇಕು ಅನ್ನುವುದು ನನ್ನ ನಂಬಿಕೆ.

ಮೊದಲು ‘ರಿಜಿಸ್ಟ್ರಿ’. ಸುಮ್ನೆ ‘ನೋಂದಣಿ’ ಅಂದುಬಿಡಬಹುದು. ಆದರೆ ಆ ಕಾಯಿದೆಗಳಲ್ಲಿ ಈ ಒಂದು ಮಾತು ಮೂರು ಕೆಲಸ ಮಾಡುತ್ತದೆ. ಬಂದರಿನ ಕಚೇರಿಯ ದಪ್ಪ ಪುಸ್ತಕದಲ್ಲಿ ಹಡಗಿನ ವಿವರ ಬರೆಯುವುದು ಒಂದು. ಹಡಗಿನವನ ಕೈಗೆ ಕೊಡುವ ಕಾಗದ ಇನ್ನೊಂದು. ಈ ಹಡಗು ಯಾವ ದೇಶದ್ದು, ಯಾವ ಬಂದರಿನದು ಅನ್ನುವ ಗುರುತು ಮೂರನೆಯದು. 1841ರ ಕಾಯಿದೆಯ ತಿರುಳು ಈ ಮೂರನೆಯದೇ. ಇಲ್ಲಿ ಕಟ್ಟಿದ, ಇಲ್ಲಿನವರೇ ಒಡೆಯರಾಗಿದ್ದ ಹಡಗು ತನ್ನಷ್ಟಕ್ಕೆ ‘ಬ್ರಿಟಿಷ್ ಹಡಗು’ ಆಗುತ್ತಿರಲಿಲ್ಲ. ಇಂಥ ಹಡಗುಗಳನ್ನು ಈಸ್ಟ್ ಇಂಡಿಯಾ ಕಂಪನಿಯ ಸನ್ನದಿನ ಎಲ್ಲೆಯೊಳಗೆ ಬ್ರಿಟಿಷ್ ಹಡಗೆಂದು ಎಣಿಸುವ ಅಧಿಕಾರವನ್ನು 1840ರಲ್ಲಿ ಪಾರ್ಲಿಮೆಂಟು ಗವರ್ನರ್ ಜನರಲ್‌ಗೆ ಕೊಟ್ಟಿತು. ಅದರ ಬೆನ್ನಿಗೇ ಈ ಕಾಯಿದೆ ಬಂತು. ಅದಕ್ಕೂ ಮುಂಚೆ, 1823ರ ಕಾಯಿದೆ, ನಮ್ಮ ಲಸ್ಕರರನ್ನು, ಅಂದರೆ ಈ ಕಡೆಯ ಹಡಗಿನಾಳುಗಳನ್ನು, ಬ್ರಿಟಿಷ್ ನಾವಿಕರೆಂದು ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಎಂದಿತ್ತು. ಇಂಥ ಕಡೆ ‘ನೋಂದಣಿ’ ಎಂದಷ್ಟೇ ಬರೆದರೆ, ಓದುವವರಿಗೆ ಪುಸ್ತಕದಲ್ಲಿ ಹೆಸರು ಬರೆಸಿದ ಚಿತ್ರ ಮಾತ್ರ ಸಿಗುತ್ತದೆ. ಅದರ ಹಿಂದಿನ ರಾಜಕೀಯ ಕಾಣುವುದೇ ಇಲ್ಲ.

ಕೈಯಲ್ಲಿ ಕೊಡುವ ಕಾಗದಕ್ಕೆ ‘ಹಕ್ಕುಪತ್ರ’ ಆಗಬಹುದು ಅಂತ ಗೆಳೆಯರೊಬ್ಬರು ಸೂಚಿಸಿದರು. ಕೇಳಲು ಚೆನ್ನಾಗಿದೆ, ಆದರೆ ಅರ್ಥ ತಿರುಗಿಬೀಳುತ್ತದೆ. 1894ರ ಕಾಯಿದೆ ಈ ವಿಷಯದಲ್ಲಿ ಬಹಳ ಸ್ಪಷ್ಟ: ಆ ಕಾಗದ ಹಡಗನ್ನು ಕಾನೂನುಬದ್ಧವಾಗಿ ನಡೆಸಲಿಕ್ಕೆ ಮಾತ್ರ. ಸಾಲ ಬಾಕಿ ಇದೆ, ಹಡಗಿನಲ್ಲಿ ನನಗೂ ಹಕ್ಕಿದೆ ಅಂತ ಯಾರೂ ಅದನ್ನು ತಡೆದಿಟ್ಟುಕೊಳ್ಳುವಂತಿಲ್ಲ. ಒಡೆತನ ಗೊತ್ತಾಗುವುದು ಕಚೇರಿಯ ಪುಸ್ತಕದಿಂದ. ಮಾರಾಟವಾದರೆ ಕ್ರಯಪತ್ರ ಬರೆದು ಆ ಪುಸ್ತಕದಲ್ಲಿ ಏರಿಸಬೇಕು. ಅಡವು ಹಾಕಿದರೂ ಅಷ್ಟೆ. ಇಬ್ಬರು ಸಾಲ ಕೊಟ್ಟಿದ್ದರೆ ಪತ್ರದ ಮೇಲಿನ ತಾರೀಖು ನೋಡುವುದಿಲ್ಲ, ಪುಸ್ತಕದಲ್ಲಿ ಯಾರದು ಮೊದಲು ದಾಖಲಾಯಿತೋ ಅವರದೇ ಮುಂದು. ಕಾಗದ ಮಾತ್ರ ಹಡಗಿನ ಜೊತೆ ತಿರುಗುತ್ತಿರುತ್ತದೆ. ಕಪ್ತಾನ ಬದಲಾದರೆ ಅದರ ಮೇಲೇ ಷರಾ ಬರೆಯುತ್ತಾರೆ. ಹಡಗು ಮುಳುಗಿಹೋದರೆ, ಕಾಗದ ಉಳಿದಿದ್ದರೆ, ಕಚೇರಿಗೆ ವಾಪಸು ಕೊಡಬೇಕು. ನಮ್ಮ ಗಾಡಿಗಳ ಆರ್‌ಸಿ ಇದ್ದ ಹಾಗೆ ಅಂದರೆ ಎಲ್ಲರಿಗೂ ತಟ್ಟನೆ ಹೊಳೆಯುತ್ತದೆ. ಆದರೆ 1841ರ ಬರಹದಲ್ಲಿ ಆರ್‌ಸಿ ಅನ್ನಲಾದೀತೇ?

‘ರಹದಾರಿ’ ಅನ್ನೋಣವೇ? ನನಗೆ ಇಷ್ಟವಾದ ಪದ. ಆದರೆ ಅದನ್ನು ಪೋರ್ಚುಗೀಸರ ‘ಕಾರ್ತಾಜ್’ಗೆ ಮೀಸಲಿಡಬೇಕು ಅನ್ನಿಸುತ್ತದೆ. 16ನೆಯ ಶತಮಾನದಲ್ಲಿ ಅವರು ಈ ಸಮುದ್ರದ ವ್ಯಾಪಾರಿಗಳಿಗೆ ದುಡ್ಡು ತೆಗೆದುಕೊಂಡು ಕೊಡುತ್ತಿದ್ದದ್ದು ನಿಜಕ್ಕೂ ರಹದಾರಿಯೇ. ಅದಿಲ್ಲದೆ ಸಿಕ್ಕಿದ ಹಡಗನ್ನು ಹಿಡಿದುಬಿಡುತ್ತಿದ್ದರು. ಅದು ಹೋಗಲು ಕೊಟ್ಟ ಅಪ್ಪಣೆ, ಇದು ಹಡಗಿನ ಗುರುತು. ಎರಡಕ್ಕೂ ಒಂದೇ ಪದ ಬೇಡ. ಸದ್ಯಕ್ಕೆ ‘ನೋಂದಣಿ ಪತ್ರ’ ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ಹೇಳಿ.

ಇನ್ನು ‘ಟನ್’. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಇಲ್ಲಿ ಪದ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ‘300 ಟನ್ ತೂಕದ ಹಡಗು’ ಅಂತ ಬರೆದುಬಿಡುವುದು ಸುಲಭ. ರಿಜಿಸ್ಟರಿನಲ್ಲಿರುವ ಟನ್ ತೂಕವೇ ಅಲ್ಲ. ಮೂಲದಲ್ಲಿ ಅದು ದ್ರಾಕ್ಷಾರಸದ ದೊಡ್ಡ ಪೀಪಾಯಿಯ ಹೆಸರು. ಹಡಗಿನಲ್ಲಿ ಎಷ್ಟು ಪೀಪಾಯಿ ಹಿಡಿಸುತ್ತದೆ ಅನ್ನುವ ಲೆಕ್ಕ. 1854ರ ಕಾಯಿದೆಯಿಂದ ಈಚೆಗೆ 100 ಘನ ಅಡಿ ಒಳಜಾಗಕ್ಕೆ ಒಂದು ಟನ್. ಅದಕ್ಕೆ ಮುಂಚೆ ಬಹುಕಾಲ ನಡೆದ ಹಳೆಯ ಅಳತೆ ಇನ್ನೂ ವಿಚಿತ್ರ. ಉದ್ದದಿಂದ ಅಗಲದ ಐದರಲ್ಲಿ ಮೂರು ಪಾಲು ಕಳೆಯಬೇಕು. ಬಂದದ್ದನ್ನು ಅಗಲದಿಂದ ಗುಣಿಸಿ, ಮತ್ತೆ ಅರ್ಧ ಅಗಲದಿಂದ ಗುಣಿಸಿ, 94ರಿಂದ ಭಾಗಿಸಬೇಕು. 80 ಅಡಿ ಉದ್ದ, 20 ಅಡಿ ಅಗಲದ ಹಡಗು ಅಂತಿಟ್ಟುಕೊಳ್ಳಿ. 80ರಲ್ಲಿ 12 ಕಳೆದರೆ 68. ಅದನ್ನು 20ರಿಂದ, ಆಮೇಲೆ 10ರಿಂದ ಗುಣಿಸಿದರೆ 13,600. ಭಾಗಿಸಿದರೆ 145 ಟನ್‌ಗೆ ಚೂರು ಕಡಿಮೆ. ಇದರಲ್ಲಿ ಆಳ ಎಲ್ಲೂ ಬರಲೇ ಇಲ್ಲ, ಅಲ್ವಾ? ಅದಕ್ಕೇ ಹಡಗು ಕಟ್ಟಿಸುವವರು ಅಗಲ ತಗ್ಗಿಸಿ ಆಳ ಹೆಚ್ಚಿಸಿದರು. ಟನ್ ಲೆಕ್ಕದ ಮೇಲೆ ಕಟ್ಟಬೇಕಿದ್ದ ಸುಂಕ ಉಳಿಯಿತು, ಆದರೆ ಹಡಗಿನ ಲಕ್ಷಣ ಕೆಟ್ಟಿತು.

ಇದಕ್ಕೆ ‘ಟನ್ ಹಿಡಿತ’ ಅನ್ನಬಹುದೇ? ‘ಈ ಪಾತ್ರೆ ಎಷ್ಟು ಹಿಡಿಯುತ್ತದೆ’ ಅಂತ ಕೇಳುವುದಿಲ್ಲವೇ, ಅದೇ ಹಿಡಿತ. ಪಶ್ಚಿಮ ಕರಾವಳಿಯಲ್ಲಿ ಹಾಯಿಹಡಗಿನ ಗಾತ್ರವನ್ನು ‘ಇಷ್ಟು ಖಂಡಿ’ ಅಂತ, ನಮ್ಮ ಹಳೆಯ ಅಳತೆಯಲ್ಲಿ, ಹೇಳುವ ರೂಢಿಯೂ ಇತ್ತು. ‘ಖಂಡಿ’ ಬಳಸಿದರೆ ನಮ್ಮ ಮಾತಿನ ಹಾಗಿರುತ್ತದೆ, ಆದರೆ ಅಳತೆ ಬೇರೆಯಾಗುತ್ತದೆ. ಅದಕ್ಕೆ ನಾನು ಒಪ್ಪಲಾರೆ.

ಒಡೆತನದ ಪಾಲುಗಳಿಗೆ ಕಷ್ಟವಿಲ್ಲ. 1894ರ ಕಾಯಿದೆಯಲ್ಲಿ ಒಂದು ಹಡಗು ಅಂದರೆ 64 ಪಾಲು. ನಮ್ಮ ಹಳೆಯ ರೂಪಾಯಿಗೂ 16 ಆಣೆ, 64 ಪೈಸೆ ಇತ್ತು. ಎರಡಕ್ಕೂ ನಂಟಿಲ್ಲ. ಆದರೂ 16 ಪಾಲು ಇದ್ದವನನ್ನು ‘ನಾಲ್ಕಾಣೆ ಪಾಲುದಾರ’ ಅಂದರೆ ಹಿರಿಯರಿಗೆ ಥಟ್ಟನೆ ತಿಳಿಯುತ್ತದೆ. ಕರಾವಳಿಯಲ್ಲಿ ಮಂಜಿಯ ಪಾಲನ್ನು ಹೀಗೆ ಆಣೆ ಲೆಕ್ಕದಲ್ಲಿ ಹೇಳುತ್ತಿದ್ದರೇ? ಮನೆಯಲ್ಲಿ ಕೇಳಿದ ನೆನಪಿರುವವರು ದಯವಿಟ್ಟು ಬರೆಯಿರಿ.

ಇಷ್ಟು ಜನ ಪಾಲುದಾರರಿದ್ದರೆ ಎಲ್ಲರ ಪರವಾಗಿ ಹಡಗಿನ ಖರ್ಚುವೆಚ್ಚ, ಬಾಡಿಗೆ, ರಿಪೇರಿ ನೋಡಿಕೊಳ್ಳಲು ಒಬ್ಬ ಬೇಕು. ಅವನಿಗೆ ಇಂಗ್ಲಿಷಿನಲ್ಲಿ ‘ಶಿಪ್ಸ್ ಹಸ್ಬೆಂಡ್’. 1894ರ ಕಾಯಿದೆಯಲ್ಲೂ ಈ ಮಾತಿದೆ. ‘ಹಡಗಿನ ಗಂಡ’ ಅಂತ ಬರೆಯಲಾಗದು. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಮನೆವಾರ್ತೆ ನೋಡುವವನು ಅನ್ನುವ ಅರ್ಥವಿತ್ತು. ಕನ್ನಡದ ‘ಯಜಮಾನ’ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಗಂಡನೂ ಹೌದು, ಮನೆ ನಡೆಸುವವನೂ ಹೌದು. ‘ನಮ್ಮ ಯಜಮಾನರು’ ಅನ್ನುವುದರಲ್ಲಿ ಎರಡೂ ಇದೆ. ತೊಡಕು ಒಂದೇ, ಮಾಲೀಕನಿಗೂ ನಾವು ಯಜಮಾನ ಅನ್ನುತ್ತೇವೆ. ಒಡೆಯರನ್ನೆಲ್ಲ ‘ಪಾಲುದಾರರು’ ಎಂದು, ಇವನೊಬ್ಬನನ್ನೇ ‘ಹಡಗಿನ ಯಜಮಾನ’ ಎಂದು ಕರೆದರೆ ಗೊಂದಲ ಆಗಲಿಕ್ಕಿಲ್ಲ. ಇದನ್ನಂತೂ ಬಿಡಲು ಮನಸ್ಸಿಲ್ಲ.

ಕೊನೆಗೆ, 1894ರ ಕಾಯಿದೆ ಹೇಳಿದ್ದ ಹಡಗಿನ ಮೈಮೇಲಿನ ಗುರುತು. ಮೂತಿಯ ಎರಡೂ ಪಕ್ಕ ಹೆಸರು, ಹಿಂಭಾಗದಲ್ಲಿ ಹೆಸರು ಮತ್ತು ನೋಂದಣಿಯಾದ ಬಂದರು. ಅಕ್ಷರ ನಾಲ್ಕು ಇಂಚಿಗಿಂತ ಚಿಕ್ಕದಿರಬಾರದು. ಕಪ್ಪು ಬಣ್ಣದ ಮೇಲಾದರೆ ಬಿಳಿ ಇಲ್ಲವೇ ಹಳದಿ. ಆ ಬಂದರಿಗೆ ‘ತವರು ಬಂದರು’ ಅನ್ನಬಹುದೇ? ಅದನ್ನು ಹಡಗು ‘ಸೇರಿದ’ ಬಂದರು ಅಂತಲೇ ಕಾಯಿದೆ ಹೇಳುತ್ತದೆ. ಆದರೆ ತವರು ಅಂದರೆ ಹುಟ್ಟಿದ ಮನೆ. ಕೊಚ್ಚಿಯಲ್ಲಿ ಕಟ್ಟಿದ ಹಡಗು ಮುಂಬಯಿಯಲ್ಲಿ ನೋಂದಣಿಯಾದರೆ ತವರು ಯಾವುದು? ನನಗಂತೂ ‘ನೋಂದಣಿ ಬಂದರು’ ಸಾಕು ಅನ್ನಿಸುತ್ತದೆ.

ಹಡಗಿನ ಸರ್ಕಾರಿ ನಂಬರು ಮತ್ತು ಟನ್ ಲೆಕ್ಕವನ್ನು ಮಾತ್ರ ಬಣ್ಣದಲ್ಲಿ ಬರೆದರೆ ನಡೆಯುತ್ತಿರಲಿಲ್ಲ. ಹಡಗಿನ ಮುಖ್ಯ ಅಡ್ಡತೊಲೆಯಲ್ಲಿ ಅಳಿಯದ ಹಾಗೆ ಕೊರೆಯಬೇಕಿತ್ತು. ಈ ಅಡ್ಡತೊಲೆಗೆ ದೋಣಿ ಕಟ್ಟುವ ಆಚಾರಿಗಳು ಏನನ್ನುತ್ತಾರೆ? ಕುಂದಾಪುರ, ಭಟ್ಕಳ, ಹೊನ್ನಾವರ, ಕಾರವಾರದ ಕಡೆಯವರು ಕೇಳಿ ತಿಳಿಸಿದರೆ ಆ ಪದವನ್ನೇ ಹಾಕುತ್ತೇನೆ. ತುಳು, ಕೊಂಕಣಿ, ನವಾಯತಿ ಮಾತಾದರೂ ಸರಿ. ಯಾವ ಊರಿನಲ್ಲಿ ಹಾಗೆ ಹೇಳುತ್ತಾರೆ ಅನ್ನುವುದನ್ನೂ ಬರೆಯಿರಿ.