ಜರ್ಮನಿಯ ಹುಡುಗರ ಬ್ಯಾಂಡ್ ಡ್ರೆಸ್ ಯಾವ ಕಾಲದ್ದು?

ಕಡಲಹುಡುಗ, ಮಂಗಳೂರು: ಕುದ್ರೋಳಿ ದಸರಾ ಮೆರವಣಿಗೆಗೆ ನಮ್ಮ ಶಾಲೆ ಬ್ಯಾಂಡಿಗೆ ಹೊಸ ಯೂನಿಫಾರ್ಮ್ ಹೊಲಿಸಬೇಕು. ಡಿಂಕೆಲ್ಸ್‌ಬ್ಯೂಲ್ ಊರಿನ ಹುಡುಗರ ಬ್ಯಾಂಡಿನ ವಿಡಿಯೊ ನೋಡಿದೆ, ಕೆಂಪು-ಬಿಳಿ ಡ್ರೆಸ್ ಭಾರೀ ಚೆಂದ ಉಂಟು. ಅದು ಯಾವ ಕಾಲದ್ದು?

ತಾಸೆಪೆಟ್ಟು: 18ನೇ ಶತಮಾನದ ಶೈಲಿ. ಆದರೆ ಅವರು ನುಡಿಸುವ ಕಿಂಡರ್‌ತ್ಸೆಖೆ ಹಬ್ಬ 1632ರ ಕಥೆಯದ್ದು. ಸ್ವೀಡನ್ ಸೇನೆ ಬಂದಾಗ ಮಕ್ಕಳು ಬೇಡಿಕೊಂಡು ಊರು ಉಳಿಸಿದರಂತೆ. ಕಾಲ ತಾಳೆಯಾಗುವುದಿಲ್ಲ, ಅಲ್ಲಿ ಯಾರಿಗೂ ಅದರ ತಲೆಬಿಸಿಯೂ ಇಲ್ಲ!

ಮಲ್ಪೆಯವ: ಕೆಲವು ಜರ್ಮನ್ ಬ್ಯಾಂಡ್‌ಗಳಲ್ಲಿ ಭುಜದ ಮೇಲೆ ಅರ್ಧಚಂದ್ರದ ಹಾಗೆ ಪಟ್ಟೆಪಟ್ಟೆ ತುಂಡು ಇರ್ತದಲ್ವಾ, ಅದು ಸೇನೆಯ ವಾದ್ಯದವರ ಗುರುತು. ಅದನ್ನು ಹೊಲಿಸಿ. ಉದ್ದ ಕೋಟು ಮಾತ್ರ ಬೇಡ ಮಾರಾಯ್ರೇ, ನಮ್ಮ ಸೆಕೆಗೆ ಮಕ್ಕಳು ಬೆಂದುಹೋಗ್ತಾರೆ.